ನಾಮಿನೇಷನ್ ರಿಫ್ಯೂಸ್ ಆದರೆ: ಅಪೀಲು ಯಾರು ಹಾಕಬೇಕು, ಯಾವುದಕ್ಕೆ ಹಾಕಬೇಕು

ಮಾಟುಂಗ, ಫೋರ್ಟ್, ಡೊಂಬಿವಲಿ ಕಡೆಯ ಉಡುಪಿ ಹೋಟೆಲುಗಳಲ್ಲಿ ಕೈ ಪಳಗಿಸಿಕೊಂಡು ಆಸ್ಟ್ರೇಲಿಯದ ರೆಸ್ಟೋರೆಂಟುಗಳಿಗೆ ಹೊರಟವರ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ವೀಸಾ ರಿಫ್ಯೂಸ್ ಆಯ್ತಂತೆ, ಅಪೀಲು ಹಾಕ್ತಾನಂತೆ." ಈ ಸಣ್ಣ ಮಾತಿನಲ್ಲಿ ಎರಡು ತಪ್ಪು ಸೇರಿಕೊಂಡಿರುವುದೇ ಹೆಚ್ಚು. ಮೊದಲು ಬಿದ್ದದ್ದು ಸಾಮಾನ್ಯವಾಗಿ ನಾಮಿನೇಷನ್, ಅಂದರೆ ಈ ಹುದ್ದೆಗೆ ಇವನು ಬೇಕು ಎಂದು ಮಾಲೀಕ ಹಾಕುವ ಅರ್ಜಿ; ವೀಸಾ ಅದರ ಹಿಂದೆ ಬೀಳುತ್ತದೆ. ನಾಮಿನೇಷನ್‌ಗೆ ಅಪೀಲು ಹಾಕುವ ಹಕ್ಕು ಅಲ್ಲಿನ ಮಾಲೀಕನದು, ಹುಡುಗನದಲ್ಲ. ಈ ಎರಡು ತಿಳಿಯದೆ ಹೋದದ್ದರಿಂದಲೇ ಗಡುವು ದಾಟಿಸಿಕೊಂಡವರಿದ್ದಾರೆ.

ಆಸ್ಟ್ರೇಲಿಯದ ಮಾಲೀಕ ಹೊರದೇಶದ ಕುಶಲ ಕೆಲಸಗಾರನನ್ನು ಕರೆಸಿಕೊಳ್ಳುವ ಮುಖ್ಯ ದಾರಿ 482 ನಂಬರಿನ ವೀಸಾ. 2024ರ ಡಿಸೆಂಬರ್ 7ರಿಂದ ಅದರ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್. ಇದರಲ್ಲಿ ಮೂರು ಅರ್ಜಿಗಳಿವೆ. ಈ ಕಂಪನಿ ಸರಿಯಾಗಿ ನಡೆಯುತ್ತಿದೆ, ಹೊರಗಿನವರನ್ನು ಕರೆಸಬಹುದು ಎಂದು ಒಪ್ಪಿಗೆ ಪಡೆಯುವುದು ಸ್ಪಾನ್ಸರ್‌ಶಿಪ್. ಅದರ ಆಯುಸ್ಸು 5 ವರ್ಷ. ಇಂಥ ಹುದ್ದೆಗೆ, ಇಷ್ಟು ಸಂಬಳಕ್ಕೆ, ಇಂಥ ವ್ಯಕ್ತಿ ಬೇಕು ಎಂದು ಹೇಳುವುದು ನಾಮಿನೇಷನ್. ಆ ವ್ಯಕ್ತಿಗೆ ಅನುಭವ, ಇಂಗ್ಲಿಷ್, ಆರೋಗ್ಯ, ನಡತೆ ಸರಿಯಿದೆಯೇ ಎಂದು ನೋಡುವುದು ವೀಸಾ ಅರ್ಜಿ. ಮೊದಲೆರಡಕ್ಕೂ ಅರ್ಜಿದಾರ ಮಾಲೀಕ, ಮೂರನೆಯದಕ್ಕೆ ಕೆಲಸಗಾರ. ನಾಮಿನೇಷನ್ ಬಿದ್ದರೆ ಕೆಲಸಗಾರನ ಅನುಭವ ಎಷ್ಟೇ ಇದ್ದರೂ ವೀಸಾ ಸಿಗುವುದಿಲ್ಲ.

ಆದ್ದರಿಂದ ಇಮೇಲ್ ಬಂದ ದಿನ ಮಾಡುವ ಮೊದಲ ಕೆಲಸ, ಫೋನಿನಲ್ಲಿ ಬಾಯಿಮಾತು ಕೇಳಿ ಸುಮ್ಮನಾಗದೆ ಆ ತೀರ್ಪಿನ ಪತ್ರವನ್ನೇ ತರಿಸಿಕೊಳ್ಳುವುದು. ಯಾವ ಅರ್ಜಿ ಬಿತ್ತು, ಯಾವ ನಿಯಮದ ಅಡಿಯಲ್ಲಿ ಬಿತ್ತು, ಯಾರು ಎಷ್ಟು ದಿನದೊಳಗೆ ಮರುಪರಿಶೀಲನೆ ಕೇಳಬಹುದು ಎಂದು ಅದರಲ್ಲೇ ಬರೆದಿರುತ್ತದೆ. ಮಾಲೀಕನ ಅರ್ಜಿಯ ಪತ್ರ ಮಾಲೀಕನಿಗೋ ಅವನ ಏಜೆಂಟನಿಗೋ ಹೋಗುತ್ತದೆ, ಕೆಲಸಗಾರನಿಗೆ ತಾನಾಗಿ ಬರುವುದಿಲ್ಲ. ಕೇಳಿ ಪಡೆಯಬೇಕು, ಕೊಡಲು ಹಿಂದೇಟು ಹಾಕಿದರೆ ಮತ್ತೆ ಕೇಳಬೇಕು.

28 ದಿನದ ಲೆಕ್ಕ

ಮೇಲ್ಮನವಿ ಹೋಗುವುದು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್‌ಗೆ. 2024ರ ಅಕ್ಟೋಬರ್ 14ರಂದು ಇದು ಹಳೆಯ ಎಎಟಿ, ಅಂದರೆ ಅಡ್ಮಿನಿಸ್ಟ್ರೇಟಿವ್ ಅಪೀಲ್ಸ್ ಟ್ರಿಬ್ಯೂನಲ್‌ನ ಜಾಗಕ್ಕೆ ಬಂತು. ಹಳೆಯ ಹೆಸರನ್ನೇ ಹೇಳುವ ಏಜೆಂಟರು ಹಳೆಯ ಗಡುವನ್ನೇ ಹೇಳುತ್ತಿರಬಹುದು, ಎಚ್ಚರ. ತೀರ್ಪು ತಿಳಿಸಿದ ಮೇಲೆ 28 ದಿನ. ಅದನ್ನು ವಿಸ್ತರಿಸುವ ಅಧಿಕಾರ ಟ್ರಿಬ್ಯೂನಲ್‌ಗೆ ಇಲ್ಲ. ಕಾಯಿಲೆ, ಸಾವು, ಏಜೆಂಟನ ಮರೆವು, ಯಾವ ಕಾರಣವೂ ನಡೆಯುವುದಿಲ್ಲ. ಇಮೇಲಿನಲ್ಲಿ ಬಂದ ಪತ್ರವನ್ನು ಕಳಿಸಿದ ದಿನವೇ ತಲುಪಿತು ಎಂದು ಕಾನೂನು ಎಣಿಸುತ್ತದೆ. ನೀವು ಯಾವಾಗ ತೆರೆದಿರಿ, ಸ್ಪ್ಯಾಮ್‌ನಲ್ಲಿ ಬಿದ್ದಿತ್ತೇ ಎಂಬುದು ಲೆಕ್ಕಕ್ಕಿಲ್ಲ. ಮೆಲ್ಬರ್ನ್ ಗಡಿಯಾರ ಮುಂಬಯಿಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಕೊನೆಯ ದಿನದ ಸಂಜೆ ಇಲ್ಲಿ ಎಂಟು ಗಂಟೆಯಾಗುವಾಗ ಅಲ್ಲಿ ದಿನವೇ ಬದಲಾಗಿರುತ್ತದೆ.

ಶುಲ್ಕ ಸುಮಾರು 3,500 ಆಸ್ಟ್ರೇಲಿಯನ್ ಡಾಲರ್, ಪ್ರತಿ ಜುಲೈ 1ಕ್ಕೆ ಸ್ವಲ್ಪ ಏರುತ್ತದೆ. ಅದೂ ಇದೇ ಗಡುವಿನೊಳಗೆ ಕಟ್ಟಿರಬೇಕು. ಹಣದ ತೊಂದರೆಯಿದ್ದರೆ ಅರ್ಧಕ್ಕೆ ಇಳಿಸಲು ಕೇಳಬಹುದು. ಕೇಸು ಗೆದ್ದರೆ ಅರ್ಧ ವಾಪಸು ಬರುತ್ತದೆ. ನಾಮಿನೇಷನ್‌ಗೆ ಮಾಲೀಕನದು ಒಂದು ಅರ್ಜಿ, ವೀಸಾಕ್ಕೆ ಕೆಲಸಗಾರನದು ಇನ್ನೊಂದು; ಎರಡಕ್ಕೂ ಬೇರೆಬೇರೆ ಶುಲ್ಕ.

ಅರ್ಜಿದಾರನ ಹೆಸರಿನಲ್ಲಿ ಆಗುವ ತಪ್ಪು ನೋಡಲು ಸಣ್ಣದು, ಫಲ ದೊಡ್ಡದು. ಬೋರ್ಡಿನ ಮೇಲೆ ಒಂದು ಹೆಸರು, ನಾಮಿನೇಷನ್ ಹಾಕಿದ್ದು ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿ ಅಥವಾ ಟ್ರಸ್ಟಿನ ಪರವಾಗಿ ಇನ್ನೊಂದು ಕಂಪನಿ. ಮರುಪರಿಶೀಲನೆ ಕೇಳಬೇಕಾದ್ದು ನಾಮಿನೇಷನ್ ಹಾಕಿದ ಅದೇ ಕಾನೂನುಬದ್ಧ ಸಂಸ್ಥೆ. ಡೈರೆಕ್ಟರ್ ತನ್ನ ಸ್ವಂತ ಹೆಸರಿನಲ್ಲಿ ಹಾಕಿದರೆ, ಅಥವಾ ಹುಡುಗನೇ ನಾಮಿನೇಷನ್ ವಿರುದ್ಧ ಹಾಕಿದರೆ, ಅರ್ಜಿ ಊರ್ಜಿತವಾಗುವುದಿಲ್ಲ. ಅಷ್ಟು ಹೊತ್ತಿಗೆ 28 ದಿನ ಮುಗಿದಿರುತ್ತದೆ.

ಅರ್ಜಿ ಹಾಕುವಾಗಲೇ ಎಲ್ಲ ಸಾಕ್ಷ್ಯ ಸಿದ್ಧವಿರಬೇಕಾಗಿಲ್ಲ. ಅರ್ಜಿಯನ್ನು ತಿರಸ್ಕರಿಸಿದ ಅಲ್ಲಿನ ವಲಸೆ ಇಲಾಖೆಯ ಕಡತವನ್ನು ಮಾಹಿತಿ ಹಕ್ಕಿನಡಿ ತರಿಸಿ ನೋಡಿ ಆಮೇಲೆ ಹಾಕೋಣ ಎನ್ನುವವರಿದ್ದಾರೆ. ಆ ಉತ್ತರಕ್ಕೇ 30 ದಿನದ ಕಾಲಾವಕಾಶವಿದೆ. ಮೊದಲು ಅರ್ಜಿ, ಆಮೇಲೆ ಕಡತ.

ಯಾವ ತಪ್ಪು ತಿದ್ದಲು ಬರುತ್ತದೆ, ಯಾವುದು ಬರುವುದಿಲ್ಲ

ಟ್ರಿಬ್ಯೂನಲ್ ಎಂದರೆ ಇಲಾಖೆಯ ಅಧಿಕಾರಿಯ ತಪ್ಪು ಹುಡುಕುವ ಜಾಗವಲ್ಲ. ಇಡೀ ವಿಷಯವನ್ನು ಹೊಸದಾಗಿ ನೋಡಿ ತಾನೇ ತೀರ್ಮಾನಿಸುತ್ತದೆ, ಹೊಸ ಕಾಗದಗಳನ್ನು ತೆಗೆದುಕೊಳ್ಳುತ್ತದೆ. ಇದು ದೊಡ್ಡ ಅನುಕೂಲ. ಆದರೆ ಕೆಲವು ಷರತ್ತುಗಳು ನಾಮಿನೇಷನ್ ಹಾಕಿದ ದಿನಕ್ಕೇ ಕಟ್ಟಿಬಿದ್ದಿವೆ. ಅಲ್ಲಿ ಎಡವಿದ್ದರೆ ಇಂದು ಎಷ್ಟು ಪುರಾವೆ ತಂದರೂ ಪ್ರಯೋಜನವಿಲ್ಲ. ಅಪೀಲು ಹಾಕಬೇಕೋ ಹೊಸ ನಾಮಿನೇಷನ್ ಹಾಕಬೇಕೋ ಎಂಬುದು ಇದೊಂದರ ಮೇಲೆ ನಿಂತಿದೆ.

ತಿದ್ದಲಾಗದ್ದರಲ್ಲಿ ಮೊದಲನೆಯದು ಕೆಲಸದ ಜಾಹೀರಾತು. ಸ್ಥಳೀಯರು ಸಿಗಲಿಲ್ಲ ಎಂದು ತೋರಿಸಲು ಮಾಲೀಕ ಎರಡು ಜಾಹೀರಾತು ಕೊಟ್ಟಿರಬೇಕು, ಎರಡೂ 28 ದಿನ ಅರ್ಜಿಗೆ ತೆರೆದಿರಬೇಕು, ಇವೆಲ್ಲ ನಾಮಿನೇಷನ್‌ಗೆ ಮುಂಚಿನ 6 ತಿಂಗಳೊಳಗೆ ಆಗಿರಬೇಕು. ಜಾಹೀರಾತಿನಲ್ಲಿ ಹುದ್ದೆ, ಬೇಕಾದ ಅನುಭವ, ಕಂಪನಿಯ ಅಥವಾ ನೇಮಕಾತಿ ಏಜೆನ್ಸಿಯ ಹೆಸರು ಇರಬೇಕು. ಸಂಬಳ 96,400 ಡಾಲರಿಗಿಂತ ಕಡಿಮೆಯಾದರೆ ಸಂಬಳವನ್ನೂ ಬರೆದಿರಬೇಕು. ಸೀಕ್‌ನಂಥ ಉದ್ಯೋಗ ಜಾಲತಾಣ ನಡೆಯುತ್ತದೆ, ಫೇಸ್‌ಬುಕ್ ಪೋಸ್ಟ್ ನಡೆಯುವುದಿಲ್ಲ. ಮಾರ್ಚ್ 1ರಂದು ಹಾಕಿದ ಜಾಹೀರಾತನ್ನು ಅರ್ಜಿಗಳು ಸಾಕಾದವು ಎಂದು 24ಕ್ಕೆ ಮುಚ್ಚಿದರೆ ಆ ನಾಲ್ಕು ದಿನವನ್ನು ಯಾವ ಟ್ರಿಬ್ಯೂನಲ್ಲೂ ಹಿಂದಿರುಗಿಸಲಾರದು. ಇಂಥ ಕಡೆ ಹೊಸದಾಗಿ ಜಾಹೀರಾತು ಕೊಟ್ಟು ಹೊಸ ನಾಮಿನೇಷನ್ ಹಾಕುವುದೇ ದಾರಿ. ಅದರ ಶುಲ್ಕ 330 ಡಾಲರ್, ಜೊತೆಗೆ ತರಬೇತಿ ನಿಧಿಯ ಸುಂಕ: ವರ್ಷದ ವಹಿವಾಟು 1 ಕೋಟಿ ಡಾಲರಿಗಿಂತ ಕಡಿಮೆಯಿದ್ದರೆ ವೀಸಾದ ಪ್ರತಿ ವರ್ಷಕ್ಕೆ 1,200 ಡಾಲರ್, ಅದಕ್ಕಿಂತ ಹೆಚ್ಚಿದ್ದರೆ 1,800. ವರ್ಷಗಟ್ಟಲೆ ಟ್ರಿಬ್ಯೂನಲ್ ಕಾಯುವುದಕ್ಕಿಂತ ಇದು ಹಗುರ.

ಸಂಬಳದ ಲೆಕ್ಕವೂ ಹೀಗೆ ಕೈಕೊಡುತ್ತದೆ. ಕನಿಷ್ಠ ಸಂಬಳದ ಮಿತಿ 2025ರ ಜುಲೈ 1ರಿಂದ ವರ್ಷಕ್ಕೆ 76,515 ಡಾಲರ್, ಪ್ರತಿ ಜುಲೈಗೆ ಏರುವಂಥದ್ದು. ನಾಮಿನೇಷನ್ ಹಾಕಿದ ದಿನದ ಮಿತಿ ಅನ್ವಯ. ಇದರಲ್ಲಿ ಸೂಪರ್ ಸೇರುವುದಿಲ್ಲ. ಸೂಪರ್ ಎಂದರೆ ಮಾಲೀಕ ಸಂಬಳದ ಮೇಲೆ ಕಟ್ಟುವ ನಿವೃತ್ತಿ ನಿಧಿ, ನಮ್ಮ ಪಿಎಫ್ ಇದ್ದಂತೆ. 2025ರ ಜುಲೈಯಿಂದ ಶೇ. 12. "ಒಟ್ಟು ಪ್ಯಾಕೇಜ್ 82,000" ಎಂದು ಕರಾರಿನಲ್ಲಿ ಬರೆದರೆ ನೋಡಲು ಮಿತಿಗಿಂತ ಮೇಲಿದೆ. ಸೂಪರ್ ಕಳೆದರೆ ಉಳಿಯುವುದು ಸುಮಾರು 73,214. ಬಿತ್ತು. ಸೂಪರ್ ಸೇರಿಸಿ ಹೇಳುವುದಾದರೆ 85,697ಕ್ಕಿಂತ ಕಡಿಮೆ ಇರಬಾರದು. ಮಿತಿ ದಾಟಿದರೂ ಸಾಲದು. ಅದೇ ಕೆಲಸಕ್ಕೆ ಅಲ್ಲಿನವನಿಗೆ ಕೊಡುವ ಸಂಬಳಕ್ಕೆ ಸಮನಾಗಿರಬೇಕು. ಅದೇ ಅಡುಗೆಮನೆಯಲ್ಲಿ ಅದೇ ಹುದ್ದೆಯ ಸ್ಥಳೀಯನಿದ್ದರೆ ಅವನ ಸಂಬಳದ ಚೀಟಿ, ಇಲ್ಲದಿದ್ದರೆ ರೆಸ್ಟೋರೆಂಟ್ ಇಂಡಸ್ಟ್ರಿ ಅವಾರ್ಡ್ ಎಂಬ ಅಲ್ಲಿನ ಸಂಬಳದ ನಿಯಮಾವಳಿ ಮತ್ತು ಅದೇ ಊರಿನ ಜಾಹೀರಾತುಗಳು ಆಧಾರವಾಗುತ್ತವೆ. ಈ ಹೋಲಿಕೆಯ ಪುರಾವೆ ಕೊಡದೆ ಬಿದ್ದಿದ್ದರೆ, ಅದನ್ನು ಟ್ರಿಬ್ಯೂನಲ್ ಮುಂದೆ ತುಂಬಿಕೊಡಬಹುದು.

ಇನ್ನೊಂದು ಗುಂಡಿ ಕಾಯುವ ಕಾಲದಲ್ಲಿ ತಾನಾಗಿ ತೋಡಿಕೊಳ್ಳುತ್ತದೆ. ಟ್ರಿಬ್ಯೂನಲ್ ತೀರ್ಪಿಗೆ ಒಂದು ವರ್ಷಕ್ಕೂ ಮೇಲೆ ಹಿಡಿಯುವುದು ಸಾಮಾನ್ಯ. ಅಷ್ಟರಲ್ಲಿ ಮಾಲೀಕನ 5 ವರ್ಷದ ಸ್ಪಾನ್ಸರ್‌ಶಿಪ್ ಮುಗಿದುಹೋದರೆ, ತೀರ್ಪಿನ ದಿನ ಅವನು ಸ್ಪಾನ್ಸರೇ ಅಲ್ಲ. ಉಳಿದದ್ದೆಲ್ಲ ಸರಿಯಿದ್ದರೂ ನಾಮಿನೇಷನ್ ಒಪ್ಪಲು ಬರುವುದಿಲ್ಲ. ಅಪೀಲು ಹಾಕುವ ದಿನವೇ ಆ ತಾರೀಖು ನೋಡಿ, ಹತ್ತಿರವಿದ್ದರೆ ನವೀಕರಣಕ್ಕೆ ಹಾಕಿಸಬೇಕು. ರೆಸ್ಟೋರೆಂಟನ್ನು ಬೇರೆಯವರಿಗೆ ಮಾರಿದರೂ ಕಥೆ ಮುಗಿಯಿತು, ಹೊಸ ಮಾಲೀಕ ಹಳೆಯ ನಾಮಿನೇಷನ್‌ನೊಳಗೆ ಬಂದು ಕೂರಲಾರ.

ಶೆಫ್ ಬೇಕೋ, ಅಡುಗೆಯವ ಬೇಕೋ

ಅಪೀಲಿಗೆ ನಿಜವಾಗಿ ಯೋಗ್ಯವಾದ ತಿರಸ್ಕಾರ ಎಂದರೆ "ಈ ಹುದ್ದೆ ನೈಜವಾದುದೆಂದು ಮನವರಿಕೆಯಾಗಿಲ್ಲ" ಎಂಬುದು. ನಮ್ಮ ಹೋಟೆಲಿನವರಿಗೆ ಹೆಚ್ಚಾಗಿ ಬರುವುದೂ ಇದೇ. ಸಣ್ಣ ರೆಸ್ಟೋರೆಂಟ್, ಇಬ್ಬರು ಮೂವರು ಆಗಲೇ ಒಳಗಿದ್ದಾರೆ, ಇನ್ನೊಬ್ಬ ಶೆಫ್ ಯಾಕೆ ಎಂಬುದು ಅಧಿಕಾರಿಯ ಪ್ರಶ್ನೆ. ಅವರ ಸಂದೇಹ ಅನ್ಯಾಯದ್ದಲ್ಲ. ಅರ್ಜಿಯಲ್ಲಿ ಉತ್ತರವಿರಲಿಲ್ಲ, ಅಷ್ಟೆ.

ಆಸ್ಟ್ರೇಲಿಯದ ವೃತ್ತಿ ವರ್ಗೀಕರಣದಲ್ಲಿ ಶೆಫ್ ಬೇರೆ, ಕುಕ್ ಬೇರೆ. ಕುಕ್ ಅಡುಗೆ ಮಾಡುತ್ತಾನೆ. ಶೆಫ್ ಮೆನು ಯೋಜಿಸುತ್ತಾನೆ, ಸಾಮಾನು ಮತ್ತು ಆಳಿನ ಖರ್ಚು ಅಂದಾಜು ಮಾಡುತ್ತಾನೆ, ಸಾಮಾನು ತರಿಸುತ್ತಾನೆ, ಪ್ರತಿ ಹಂತದಲ್ಲಿ ಗುಣಮಟ್ಟ ನೋಡುತ್ತಾನೆ, ಉಳಿದವರಿಗೆ ಕಲಿಸುತ್ತಾನೆ. ನಾಮಿನೇಷನ್‌ನಲ್ಲಿ ಶೆಫ್ ಎಂದು ಬರೆದು, ಕೆಲಸದ ವಿವರದಲ್ಲಿ ದೋಸೆ ಹುಯ್ಯುವುದು, ಸಾಂಬಾರು ಮಾಡುವುದು, ಪಾತ್ರೆ ಜೋಡಿಸುವುದು ಎಂದಿದ್ದರೆ ಬರೆದವನೇ ಅರ್ಜಿಯನ್ನು ಬೀಳಿಸಿದಂತೆ. ಫಾಸ್ಟ್‌ಫುಡ್, ಟೇಕ್‌ಅವೇಯಂಥ ಸೀಮಿತ ಸೇವೆಯ ಅಂಗಡಿಗಳ ಹುದ್ದೆಗೆ ಶೆಫ್ ಎಂಬ ಹೆಸರು ಬಳಸಲು ಬಾರದೆಂಬ ಷರತ್ತೂ ಇದೆ. ಕೌಂಟರಿನಲ್ಲಿ ಹಣ ಕೊಟ್ಟು ಟ್ರೇ ಹಿಡಿದು ಹೋಗುವ ದರ್ಶಿನಿ ಮಾದರಿಯ ಹೋಟೆಲು ಇಲ್ಲಿ ಸಿಕ್ಕಿಬೀಳುತ್ತದೆ. ಮೇಜಿಗೆ ಬಂದು ಆರ್ಡರ್ ತೆಗೆದುಕೊಂಡು ಬಡಿಸುವ ವ್ಯವಸ್ಥೆ ಇದ್ದರೆ ಅದನ್ನು ಚಿತ್ರ, ಮೆನು, ಬಿಲ್ಲುಗಳಿಂದ ತೋರಿಸಬೇಕು.

ಎಷ್ಟು ಜನ ಬೇಕೆಂಬುದನ್ನು ಗಂಟೆಯಲ್ಲಿ ಹೇಳುವುದು ಒಳ್ಳೆಯದು. ಮಧ್ಯಾಹ್ನ 11ರಿಂದ 3, ಸಂಜೆ 5ರಿಂದ 10: ದಿನಕ್ಕೆ 9 ಗಂಟೆ. ಹಿಟ್ಟು, ಮಸಾಲೆ, ತಯಾರಿಗೆ ಇನ್ನೆರಡು. ವಾರದ ಏಳು ದಿನಕ್ಕೆ 77 ಗಂಟೆ. ಅಲ್ಲಿನ ಪೂರ್ಣಾವಧಿ ವಾರಕ್ಕೆ 38 ಗಂಟೆ. ಅಂದರೆ ಒಲೆಯ ಮುಂದೆ ಸದಾ ಒಬ್ಬ ಹೊಣೆಗಾರ ಇರಬೇಕಾದರೂ ಎರಡು ಆಳಿನ ಕೆಲಸ. ರಜೆ, ಕಾಯಿಲೆ ಇನ್ನೂ ಸೇರಿಲ್ಲ. ಈ ಲೆಕ್ಕದ ಪಕ್ಕದಲ್ಲಿ ಮೂರು ತಿಂಗಳ ರೋಸ್ಟರ್ (ಯಾರಿಗೆ ಯಾವ ಹೊತ್ತು ಕೆಲಸ ಎಂಬ ಪಟ್ಟಿ), ಸೀಟುಗಳ ಸಂಖ್ಯೆ, ಯಾರ ಕೈಕೆಳಗೆ ಯಾರು ಎಂಬ ಪಟ್ಟಿ, ಬಿಎಎಸ್ ಎನ್ನುವ ತೆರಿಗೆ ವಿವರಣೆಗಳು, ಬಾಡಿಗೆ ಕರಾರು, ಕೆಲಸ ಬಿಟ್ಟುಹೋದವರ ಕಾಗದ ಇಟ್ಟರೆ ಮಾತಿಗೆ ತೂಕ ಬರುತ್ತದೆ. ಎಲ್ಲವೂ ವಿಚಾರಣೆಯ ಹೊತ್ತಿನವು ಆಗಿರಬೇಕು, ಎರಡು ವರ್ಷ ಹಿಂದಿನ ಲಾಭನಷ್ಟದ ಪಟ್ಟಿ ಇಂದಿನ ಅಗತ್ಯವನ್ನು ತೋರಿಸುವುದಿಲ್ಲ. ಕರಾರಿನಲ್ಲಿ 38 ಗಂಟೆ ಎಂದು ಬರೆದು ರೋಸ್ಟರ್‌ನಲ್ಲಿ 50 ಗಂಟೆ ಕಾಣಿಸಿದರೆ ತಂದ ಪುರಾವೆಯೇ ತಿರುಗಿ ಬಡಿಯುತ್ತದೆ.

ಹುಡುಗ ಅಲ್ಲೇ ಇದ್ದರೆ

ನಾಮಿನೇಷನ್ ಬಿದ್ದ ಮೇಲೆ ಇಲಾಖೆ ಸಾಮಾನ್ಯವಾಗಿ ಕೆಲಸಗಾರನಿಗೊಂದು ಪತ್ರ ಕಳಿಸುತ್ತದೆ: ನಿನ್ನ ವೀಸಾಕ್ಕೆ ಒಪ್ಪಿತ ನಾಮಿನೇಷನ್ ಇಲ್ಲ, ಏನು ಹೇಳುತ್ತೀ, ಅಥವಾ ಅರ್ಜಿ ಹಿಂತೆಗೆದುಕೊಳ್ಳುತ್ತೀಯಾ ಎಂದು. ಈ ಪತ್ರಕ್ಕೆ ಉತ್ತರ ಕೊಡದೆ ಬಿಡುವುದು ಅತಿ ಕೆಟ್ಟ ಆಯ್ಕೆ. ಹಿಂತೆಗೆದುಕೊಂಡರೆ ಹೆಸರಿಗೆ ತಿರಸ್ಕಾರ ಅಂಟುವುದಿಲ್ಲ. ಮುಂದೆ ಯಾವ ದೇಶದ ಫಾರ್ಮಿನಲ್ಲೂ "ವೀಸಾ ನಿರಾಕರಣೆ ಆಗಿದೆಯೇ" ಎಂಬ ಪ್ರಶ್ನೆಗೆ ಹೌದು ಎನ್ನಬೇಕಾಗಿಲ್ಲ. ಆದರೆ ಹಿಂತೆಗೆದ ಮೇಲೆ ಟ್ರಿಬ್ಯೂನಲ್ ದಾರಿ ಇಲ್ಲ, ಬ್ರಿಡ್ಜಿಂಗ್ ವೀಸಾದಲ್ಲಿ (ತೀರ್ಮಾನ ಬರುವವರೆಗೆ ಅಲ್ಲಿರಲು ಕೊಡುವ ತಾತ್ಕಾಲಿಕ ವೀಸಾ) ಇದ್ದವನಿಗೆ ಅಲ್ಲಿ ಉಳಿಯಲು 35 ದಿನ ಮಾತ್ರ. ಮುಂಬಯಿಯಲ್ಲೇ ಕೂತು ಅರ್ಜಿ ಹಾಕಿದವನಿಗೆ ಹಿಂತೆಗೆತವೇ ಬಹುಮಟ್ಟಿಗೆ ಜಾಣತನ, ಹೊಸ ನಾಮಿನೇಷನ್ ಜೊತೆ ಮತ್ತೆ ಹಾಕಬಹುದು. ಮೂರು ಸಾವಿರ ಡಾಲರಿಗೂ ಮೇಲಿನ ವೀಸಾ ಶುಲ್ಕ ಮಾತ್ರ ಮತ್ತೊಮ್ಮೆ ಕಟ್ಟಬೇಕು.

ಅಲ್ಲಿದ್ದುಕೊಂಡೇ ವೀಸಾ ತಿರಸ್ಕಾರವಾದರೆ ಕೆಲಸಗಾರನೂ ಅಪೀಲು ಹಾಕಬಹುದು, ಒಂದು ಷರತ್ತಿನ ಮೇಲೆ: ಅವನು ಹಾಕುವ ಹೊತ್ತಿಗೆ ಒಪ್ಪಿತ ನಾಮಿನೇಷನ್ ಇರಬೇಕು, ಇಲ್ಲವೇ ತಿರಸ್ಕಾರದ ವಿರುದ್ಧ ಮಾಲೀಕನ ಅಪೀಲು ಬಾಕಿ ಇರಬೇಕು. ಎರಡೂ ಇಲ್ಲದಿದ್ದರೆ ಅವನ ಅರ್ಜಿಗೆ ನೆಲೆಯಿಲ್ಲ. ಆದ್ದರಿಂದ ಮೊದಲು ಮಾಲೀಕನದು, ರಸೀದಿ ಕೈಗೆ ಬಂದ ಮೇಲೆ ಕೆಲಸಗಾರನದು. "ಹಾಕಿದ್ದೇನೆ ಮಾರಾಯ" ಎಂಬ ಭರವಸೆ ನಂಬಿ ಕೂರಬಾರದು, ರಸೀದಿ ನೋಡಲೇಬೇಕು.

ಅಪೀಲು ಬಾಕಿ ಇರುವಷ್ಟು ಕಾಲ ಬ್ರಿಡ್ಜಿಂಗ್ ವೀಸಾ ನಡೆಯುತ್ತದೆ. ಆದರೆ ಬ್ರಿಡ್ಜಿಂಗ್ ವೀಸಾ ಎ ಹಿಡಿದು ದೇಶ ಬಿಟ್ಟರೆ ಅದು ಅಲ್ಲಿಗೇ ಮುಗಿಯಿತು. ಊರಲ್ಲಿ ಅಪ್ಪನಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ವಿಮಾನ ಹತ್ತಿದವನು ವಾಪಸು ಹೋಗಲಾರದೆ ಉಳಿಯುವುದು ಹೀಗೆ. ಹೊರಡುವ ಮುಂಚೆ, ಹೋಗಿ ಮರಳಿ ಬರಲು ಬಿಡುವ ಬ್ರಿಡ್ಜಿಂಗ್ ವೀಸಾ ಬಿ ಮಾಡಿಸಿಕೊಳ್ಳಬೇಕು.

ಹಳೆಯ ಮಾಲೀಕನ 482 ವೀಸಾ ಇನ್ನೂ ಚಾಲ್ತಿಯಲ್ಲಿದ್ದು, ಹೊಸ ಮಾಲೀಕನ ನಾಮಿನೇಷನ್ ಬಿದ್ದವರ ಪರಿಸ್ಥಿತಿ ಬೇರೆ. 2024ರ ಜುಲೈ 1ರಿಂದ ಕೆಲಸ ಬಿಟ್ಟವನಿಗೆ ಹೊಸ ಮಾಲೀಕನನ್ನು ಹುಡುಕಿಕೊಳ್ಳಲು ಒಮ್ಮೆಗೆ 180 ದಿನ, ವೀಸಾದ ಇಡೀ ಅವಧಿಯಲ್ಲಿ ಒಟ್ಟು 365 ದಿನ ಸಿಗುತ್ತದೆ. ಮಾಲೀಕ ಅಪೀಲು ಹಾಕಿದನೆಂದು ಆ ಎಣಿಕೆ ನಿಲ್ಲುವುದಿಲ್ಲ. ಇವರಿಗೆ ಟ್ರಿಬ್ಯೂನಲ್‌ಗಿಂತ ಹೊಸ ನಾಮಿನೇಷನ್ನೇ ಮೇಲು.

ಮುಂಬಯಿಯಿಂದ ಹೋಗಬೇಕಾದ ಕಾಗದ

ಮರಳಿ ಅರ್ಜಿ ಹಾಕುವಾಗ ಕಳೆದ 5 ವರ್ಷದಲ್ಲಿ ಅದೇ ವೃತ್ತಿಯ ಕನಿಷ್ಠ 1 ವರ್ಷದ ಪೂರ್ಣಾವಧಿ ಅನುಭವ ತೋರಿಸಬೇಕು. ಇಲ್ಲಿನ ಹೋಟೆಲುಗಳಲ್ಲಿ ಸಂಬಳ ಕೈಗೆ ನಗದಾಗಿ ಬರುವುದು, 20ಕ್ಕಿಂತ ಕಡಿಮೆ ಜನರಿರುವಲ್ಲಿ ಪಿಎಫ್ ಇಲ್ಲದಿರುವುದು ತೊಡಕು. ಆಗ ಬ್ಯಾಂಕಿಗೆ ತಿಂಗಳು ತಿಂಗಳು ಕಟ್ಟಿದ ಹಣ, ಇಎಸ್‌ಐ ಕಾರ್ಡು, ಆದಾಯ ತೆರಿಗೆ ವಿವರಣೆ, ಹೋಟೆಲಿನ ಗುಮಾಸ್ತಾ ಲೈಸೆನ್ಸ್ (ಅಂಗಡಿ ನೋಂದಣಿ ಪತ್ರ) ಮತ್ತು ಎಫ್‌ಎಸ್‌ಎಸ್‌ಎಐ ಪ್ರತಿ, ಎಲ್ಲವನ್ನೂ ಜೋಡಿಸಬೇಕು. ಅನುಭವ ಪತ್ರದಲ್ಲಿ "8 ವರ್ಷ ಅಡುಗೆ ಕೆಲಸ ಮಾಡಿದ್ದಾರೆ" ಎಂದು ಎರಡು ಸಾಲು ಸಾಲದು. ಯಾವ ತಾರೀಖಿನಿಂದ ಯಾವ ತಾರೀಖು, ವಾರಕ್ಕೆ ಎಷ್ಟು ಗಂಟೆ, ಕೈಕೆಳಗೆ ಎಷ್ಟು ಜನ, ಮೆನುವಿನಲ್ಲಿ ಏನು ಸೇರಿಸಿದರು, ವಾಶಿ ಮಾರುಕಟ್ಟೆಗೆ ಇಂಡೆಂಟ್ (ತರಿಸುವ ಸಾಮಾನಿನ ಪಟ್ಟಿ) ಯಾರು ಬರೆಯುತ್ತಿದ್ದರು ಎಂದು ಬರೆಸಬೇಕು. ಇವರದೇ ಕೈಬರಹದ ಇಂಡೆಂಟ್ ಪುಸ್ತಕದ ನಾಲ್ಕು ಪುಟದ ಪ್ರತಿ ಇದ್ದರೆ ಅದು ಶೆಫ್ ಎಂಬ ಮಾತಿಗೆ ಒಳ್ಳೆಯ ಆಧಾರ. ಮರಾಠಿ, ಕನ್ನಡ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕನ ಹೆಸರು, ವಿಳಾಸ, ಫೋನ್, ಅರ್ಹತೆ ಅದರಲ್ಲೇ ಇರಬೇಕು.

ಪರಿಶೀಲನೆಗೆ ಹೋಟೆಲಿಗೆ ಫೋನ್ ಬರುವುದುಂಟು. ಗಲ್ಲಾದಲ್ಲಿ ಕೂತವರಿಗೆ ಹತ್ತು ವರ್ಷದಿಂದ "ಭಟ್ರು" ಎಂದೇ ಗೊತ್ತು, ಪಾಸ್‌ಪೋರ್ಟಿನ ಪೂರ್ತಿ ಹೆಸರು ಗೊತ್ತಿಲ್ಲ. "ಆ ಹೆಸರಿನವರು ಇಲ್ಲಿಲ್ಲ" ಎಂದುಬಿಟ್ಟರೆ ನಿಜವಾದ ಪತ್ರವೂ ಸುಳ್ಳಿನ ಸಾಲಿಗೆ ಸೇರುತ್ತದೆ. ಪೂರ್ತಿ ಹೆಸರು, ಸೇರಿದ ಮತ್ತು ಬಿಟ್ಟ ತಾರೀಖು ಬರೆದ ಚೀಟಿಯೊಂದು ಗಲ್ಲಾದ ಬಳಿ ಇರಲಿ. ಮಾಡದ ಕೆಲಸಕ್ಕೆ ಪತ್ರ ಮಾಡಿಸುವುದಂತೂ ಬೇಡವೇ ಬೇಡ; ಸುಳ್ಳು ದಾಖಲೆ ಸಿಕ್ಕಿಬಿದ್ದರೆ 3 ವರ್ಷ ವೀಸಾ ಬಾಗಿಲು ಮುಚ್ಚುತ್ತದೆ.

ಹಣದ ವಿಷಯ ಬಿಚ್ಚಿ ಹೇಳಲೇಬೇಕು. ಸ್ಪಾನ್ಸರ್‌ಶಿಪ್, ನಾಮಿನೇಷನ್, ತರಬೇತಿ ಸುಂಕ, ಇವುಗಳ ಖರ್ಚನ್ನು ಮಾಲೀಕ ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಸ್ಪಾನ್ಸರ್ ಮಾಡಲು ಹಣ ಕೇಳುವುದು 2015ರ ಡಿಸೆಂಬರಿನಿಂದ ಅಲ್ಲಿ ಅಪರಾಧ, ಎರಡು ವರ್ಷದವರೆಗೆ ಜೈಲು ಆಗಬಹುದು. ಕೊಡುವವನಿಗೂ ದಂಡ ಬೀಳಬಹುದು, ವೀಸಾ ರದ್ದಾಗಬಹುದು. "ಅಪೀಲಿಗೆ ಇನ್ನು ಐದು ಲಕ್ಷ ಕಳಿಸು" ಎಂದು ಫೋನ್ ಬಂದರೆ ಹೊಲ ಅಡವಿಡುವ ಮುಂಚೆ ಇದನ್ನು ನೆನೆಯಬೇಕು. ನಮ್ಮ ಕಡೆಯಲ್ಲಿ, 1983ರ ವಲಸೆ ಕಾಯ್ದೆಯಡಿ ಪರವಾನಗಿ ಇರುವ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಆಸ್ಟ್ರೇಲಿಯದಲ್ಲಿ ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು ಅಥವಾ ನೋಂದಾಯಿತ ಏಜೆಂಟರಾಗಿದ್ದು ಏಳಂಕಿಯ ನೋಂದಣಿ ಸಂಖ್ಯೆ ಹೊಂದಿರಬೇಕು; ಅದನ್ನು ಸರ್ಕಾರದ ಪಟ್ಟಿಯಲ್ಲಿ ಉಚಿತವಾಗಿ ನೋಡಬಹುದು. ಮುಂಬಯಿಯಲ್ಲಿ ಕೂತ ಏಜೆಂಟನಿಗೆ ಆ ನೋಂದಣಿ ಕಡ್ಡಾಯವಲ್ಲ, ಆದ್ದರಿಂದಲೇ ಕೇಳಿ ನೋಡಬೇಕು.

ಪುಣೆಯ ಹಿಂಜವಡಿ, ಖರಾಡಿಯ ಐಟಿ ಹುಡುಗರಿಗೆ ದೇಶ ಬೇರೆ, ತತ್ತ್ವ ಹತ್ತಿರದ್ದೇ. ಅಮೆರಿಕದ ಎಚ್-1ಬಿ ಪಿಟಿಷನ್ ಬಿದ್ದರೆ ಕಂಪನಿ 30 ದಿನದೊಳಗೆ, ತೀರ್ಪು ಅಂಚೆಯಲ್ಲಿ ಬಂದಿದ್ದರೆ 33 ದಿನದೊಳಗೆ, ಐ-290ಬಿ ಎಂಬ ಅಪೀಲಿನ ಫಾರ್ಮ್ ಹಾಕಬೇಕು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಬಿದ್ದರೆ ಕೆಲಸಗಾರನೇ 80 ಪೌಂಡ್ ಕಟ್ಟಿ ಮರುಪರಿಶೀಲನೆ ಕೇಳಬಹುದು, ಹೊರಗಿದ್ದರೆ 28 ದಿನ, ಒಳಗಿದ್ದರೆ 14. ಆದರೆ ಅಲ್ಲಿ ಕಂಪನಿಯ ಸ್ಪಾನ್ಸರ್ ಲೈಸೆನ್ಸೇ ತಿರಸ್ಕಾರವಾದರೆ ಅಪೀಲಿನ ಹಕ್ಕಿಲ್ಲ.

ಆಸ್ಟ್ರೇಲಿಯದ ಟ್ರಿಬ್ಯೂನಲ್ ಮಾಲೀಕನ ಪರ ತೀರ್ಪು ಕೊಟ್ಟು ನಾಮಿನೇಷನ್ ಒಪ್ಪಿಗೆಯಾದರೆ ಅದರ ಬಾಳಿಕೆ 12 ತಿಂಗಳು. ವೀಸಾ ಅಪೀಲು ಗೆದ್ದರೂ ವೀಸಾ ಕೈಗೆ ಬಂದಂತಲ್ಲ. ಅರ್ಜಿ ಇಲಾಖೆಗೆ ಮರಳಿ, ಆರೋಗ್ಯ, ಪೊಲೀಸ್ ಕ್ಲಿಯರೆನ್ಸ್ ಮತ್ತೆ ಕೇಳುತ್ತಾರೆ. ಹಳೆಯವುಗಳ ಅವಧಿ ಆಗ ಮುಗಿದಿರುತ್ತದೆ, ತೀರ್ಪಿನ ಸುದ್ದಿ ಬಂದ ವಾರವೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸೋತರೆ ಫೆಡರಲ್ ಸರ್ಕಿಟ್ ಅಂಡ್ ಫ್ಯಾಮಿಲಿ ಕೋರ್ಟಿಗೆ 35 ದಿನದೊಳಗೆ ಹೋಗಬಹುದು. ಅಲ್ಲಿ ಹುದ್ದೆ ನಿಜವೇ, ಸಂಬಳ ಸಾಕೇ ಎಂದು ಯಾರೂ ಕೇಳುವುದಿಲ್ಲ. ಟ್ರಿಬ್ಯೂನಲ್ ಕಾನೂನು ತಪ್ಪಿ ನಡೆಯಿತೇ ಎಂಬುದಷ್ಟೇ ಪ್ರಶ್ನೆ. ಹೊಸ ರೋಸ್ಟರ್, ಹೊಸ ಅನುಭವ ಪತ್ರಕ್ಕೆ ಆ ಕೋರ್ಟಿನಲ್ಲಿ ಜಾಗವಿಲ್ಲ, ಅವೆಲ್ಲ ಟ್ರಿಬ್ಯೂನಲ್ ಮೇಜಿನ ಮೇಲೆ ಆಗಲೇ ಬಂದಿರಬೇಕು.